ಫೈಬರ್ ದೋಣಿಯ ಜೆಲ್‌ಕೋಟ್ ಎದ್ದು ಹೋಗಿದೆ: ಮಳೆಗಾಲಕ್ಕೆ ಮೊದಲು ನಾವೇ ರಿಪೇರಿ ಮಾಡಿಕೊಳ್ಳಬಹುದೆ?

ಕೆರೆದಂಡೆ (ಸುಂಟಿಕೊಪ್ಪ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸುಂಟಿಕೊಪ್ಪದ ಬಳಿಯ ನಮ್ಮ ಕಾಫಿ ತೋಟದ ಕೆರೆಯಲ್ಲಿ ಹನ್ನೆರಡು ಅಡಿ ಉದ್ದದ ಒಂದು ಬಿಳಿ ಫೈಬರ್ ದೋಣಿ ಇದೆ. ವಿಹಾರಕ್ಕೆಂದು ಇಟ್ಟುಕೊಂಡದ್ದಲ್ಲ, ಅಂತರಗಂಗೆ ಎಳೆದು ದಡಕ್ಕೆ ಹಾಕುವುದಕ್ಕೆ, ಪಂಪಿನ ಫುಟ್‌ವಾಲ್ವಿಗೆ ಕಸ ಕಟ್ಟಿಕೊಂಡಾಗ ಬಿಡಿಸುವುದಕ್ಕೆ, ಮೀನಿಗೆ ಮೇವು ಹಾಕುವುದಕ್ಕೆ ಅದೇ ಬೇಕು. ಈ ವರ್ಷ ಕಾಫಿ ಹೂವಿಗೆ ಬೇಕಾದ ಹೂಮಳೆ ತಡವಾಯಿತು. ಸ್ಪ್ರಿಂಕ್ಲರಿಗೆ ನೀರೆತ್ತಿದಷ್ಟೂ ಕೆರೆ ಇಳಿಯುತ್ತಾ ಹೋಗಿ, ಬೇರೆ ವರ್ಷಗಳಲ್ಲಿ ಆಳದಲ್ಲಿ ಮುಳುಗಿರುತ್ತಿದ್ದ ಬಂಡೆಗಳು ನೀರಿನ ಮಟ್ಟಕ್ಕೆ ಬಂದವು. ದೋಣಿಯ ಮೂತಿ ಅವುಗಳಿಗೆ ತಾಗಿ ತಾಗಿ ಹೊರಗಿನ ಜೆಲ್‌ಕೋಟ್ ಪದರ ಹಲವು ಕಡೆ ಎದ್ದಿದೆ.

ಹಾನಿ ಒಂದೇ ಬಗೆಯದಲ್ಲ. ತಳದ ನಡುಗೆರೆಯ ಉದ್ದಕ್ಕೂ ಗೀರುಗಳಿವೆ. ಅವು ಉಗುರಿಗೆ ಸಿಗುತ್ತವೆ, ಆದರೆ ಬಣ್ಣ ಬಿಳಿಯಾಗಿಯೇ ಇದೆ. ಮೂತಿಯ ಬಳಿ ಅಂಗೈ ಅಗಲದ ಜಾಗದಲ್ಲಿ ಪದರ ಪೂರ್ತಿ ಹಾರಿಹೋಗಿ ಒಳಗಿನ ಗಾಜಿನ ನಾರು ಕಾಣುತ್ತಿದೆ. ಕೂರುವ ಹಲಗೆ ಗೋಡೆಗೆ ಸೇರುವ ಕಡೆ, ಎಲ್ಲಿಗೂ ತಾಗದೆ ಇದ್ದರೂ, ನಕ್ಷತ್ರದ ಆಕಾರದ ಸಣ್ಣ ಬಿರುಕುಗಳು ಬಿದ್ದಿವೆ. ಇವುಗಳ ಜೊತೆಗೆ, ದೋಣಿಯನ್ನು ನಮಗೆ ಮಾರಿದವರು ಹಿಂದೆಂದೋ ನೀರಿನ ಪೈಪಿಗೆ ಹಚ್ಚುವ ಎಪಾಕ್ಸಿ ಪುಟ್ಟಿಯನ್ನು ಹಿಂಭಾಗದ ಒಂದು ಗುಳಿಗೆ ಮೆತ್ತಿದ್ದರು. ಅದರ ಅಂಚು ಈಗ ಬಿಟ್ಟುಕೊಂಡು ಸುತ್ತ ಪಾಚಿ ಕಟ್ಟಿದೆ.

ಇಷ್ಟು ಕೆಲಸಕ್ಕೆ ದೋಣಿಯನ್ನು ಜೀಪಿನ ಮೇಲೆ ಕಟ್ಟಿಕೊಂಡು ಸಂಪಾಜೆ ಘಾಟಿ ಇಳಿಸಿ ಮಂಗಳೂರಿಗೆ ಒಯ್ಯುವುದು ದುಬಾರಿ ಎನಿಸುತ್ತದೆ. ಮರಗೆಲಸ, ಪೇಂಟ್ ಕೆಲಸ ನನಗೆ ಸಾಕಷ್ಟು ಕೈವಶ ಇದೆ, ಆದರೆ ಫೈಬರ್ ಕೆಲಸದ ರೆಸಿನ್ (ಗಟ್ಟಿಯಾಗುವ ಅಂಟುದ್ರವ) ಮುಟ್ಟಿದವನಲ್ಲ. ಜೂನ್ ಮಳೆ ಹಿಡಿಯುವುದರೊಳಗೆ ಇದನ್ನು ಮನೆಯಲ್ಲೇ ಮುಗಿಸಲು ಸಾಧ್ಯವೆ? ಗುಳಿ ತುಂಬಿ ಮೇಲೆ ಒಳ್ಳೆಯ ಎನಾಮಲ್ ಪೇಂಟ್ ಹೊಡೆದರೆ ಸಾಲದೆ? ಅನುಭವ ಇದ್ದವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಫೈಬರ್ ಕೆಲಸ (ಕುಶಾಲನಗರ) ಉತ್ತರ:

ಸಾಧ್ಯ. ನಾನು ಮಲ್ಪೆ ಕಡೆಯಲ್ಲಿ ಫೈಬರ್ ದೋಣಿಗಳ ಕೆಲಸ ಕಲಿತು, ಈಗ ಈ ಕಡೆ ನೆಲೆಸಿದ್ದೇನೆ. ನೀವು ಹೇಳಿದ ಹಾನಿಯಲ್ಲಿ ಮನೆಯಲ್ಲಿ ಮಾಡಲಾಗದ್ದು ಯಾವುದೂ ಇಲ್ಲ. ಆದರೆ ಎನಾಮಲ್ ಪೇಂಟಿನ ಆಲೋಚನೆಯನ್ನು ಈಗಲೇ ಬಿಟ್ಟುಬಿಡಿ. ಗೇಟಿಗೆ, ಕಿಟಕಿಗೆ ಹೊಡೆಯುವ ಎನಾಮಲ್ ಸದಾ ನೀರಿನಲ್ಲಿ ಮುಳುಗಿರುವುದಕ್ಕಾಗಿ ಮಾಡಿದ್ದಲ್ಲ. ಕೆಲವೇ ತಿಂಗಳಲ್ಲಿ ಅದು ಮೆತ್ತಗಾಗಿ, ಗುಳ್ಳೆ ಎದ್ದು, ಸಿಪ್ಪೆ ಬಿಡುತ್ತದೆ, ಮುಂದಿನ ರಿಪೇರಿಗೆ ಮೊದಲು ಅದನ್ನೆಲ್ಲ ಕೆರೆದು ತೆಗೆಯುವ ಕೆಲಸ ಹೆಚ್ಚುವರಿಯಾಗಿ ನಿಮ್ಮ ತಲೆಗೆ ಬರುತ್ತದೆ.

ಜೆಲ್‌ಕೋಟ್ ಪೇಂಟ್ ಅಲ್ಲ. ಅದು ಬಣ್ಣ ಬೆರೆಸಿದ ಪಾಲಿಯೆಸ್ಟರ್ ರೆಸಿನ್. ದೋಣಿ ಮಾಡುವಾಗ ಅಚ್ಚಿನೊಳಗೆ ಮೊದಲು ಬೀಳುವುದು ಅದೇ. ಅದರ ಮೇಲೆ ಗಾಜಿನ ಮ್ಯಾಟು (ಗಾಜಿನ ನಾರಿನ ಹಾಸು) ಮತ್ತು ರೆಸಿನ್ ಪದರಗಳು ಕೂರುತ್ತವೆ. ದಪ್ಪ ಸುಮಾರು ಅರ್ಧ ಮಿಲಿಮೀಟರ್, ಎಂದರೆ ಎರಡು ಅಂಚೆ ಕಾರ್ಡು ಜೋಡಿಸಿ ಹಿಡಿದಷ್ಟು. ಶಕ್ತಿ ಎಲ್ಲ ಒಳಗಿನ ಗಾಜಿನದು. ಜೆಲ್‌ಕೋಟಿನ ಕೆಲಸ ಬಿಸಿಲು ಮತ್ತು ನೀರನ್ನು ಆ ಗಾಜಿನಿಂದ ದೂರ ಇಡುವುದು. ಆದ್ದರಿಂದ ನಿಮ್ಮ ಗೀರುಗಳು ನೋಡಲು ಎಷ್ಟು ಕೆಟ್ಟದಾಗಿದ್ದರೂ, ನಾರು ಕಾಣದಿದ್ದರೆ ಅವಸರವಿಲ್ಲ. ಮೂತಿಯ ಅಂಗೈ ಅಗಲದ ಜಾಗವೇ ನಿಜವಾದ ಚಿಂತೆ, ಏಕೆಂದರೆ ಅಲ್ಲಿ ನಾರಿನ ಎಳೆಗಳ ಗುಂಟ ನೀರು ಒಳಕ್ಕೆ ನುಗ್ಗುತ್ತಿರುತ್ತದೆ.

ಏನೂ ಕೊಳ್ಳುವ ಮೊದಲು ಒಂದು ರೂಪಾಯಿ ನಾಣ್ಯ ತೆಗೆದುಕೊಂಡು, ದೋಣಿಯನ್ನು ಮಗುಚಿ, ಹಾನಿಯ ಸುತ್ತ ಒಂದೊಂದು ಅಂಗುಲ ಬಿಟ್ಟು ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಟಣಕ್ ಎಂದು ತೀಕ್ಷ್ಣವಾದ ಸದ್ದು ಬರುತ್ತದೆ, ಪದರಗಳು ಒಂದರಿಂದೊಂದು ಬಿಟ್ಟಿದ್ದಲ್ಲಿ ಬೊದ್ ಎನ್ನುತ್ತದೆ. ಆ ಬೊದ್ದಿನ ಗಡಿಯನ್ನು ಪೆನ್ಸಿಲ್ಲಿನಿಂದ ಗುರುತು ಮಾಡಿಕೊಳ್ಳಿ. ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಹಾನಿಗಿಂತ ಅದು ದೊಡ್ಡದಿರುತ್ತದೆ. ಕತ್ತಲಾದ ಮೇಲೆ ಒಳಗಿನಿಂದ ಟಾರ್ಚು ಹಿಡಿದರೆ, ನಿಮ್ಮದು ಒಂದೇ ಪದರದ ದೋಣಿಯಾಗಿದ್ದ ಪಕ್ಷದಲ್ಲಿ, ಏಟು ಬಿದ್ದ ಕಡೆ ಬೆಳಕು ಬೇರೆಯಾಗಿಯೇ ತೋರುತ್ತದೆ. ಒಳಗೋಡೆ, ಹೊರಗೋಡೆ ಎಂದು ಎರಡಿದ್ದು ನಡುವೆ ಫೋಮ್ ತುಂಬಿದ್ದರೆ ನೀರು ಅಲ್ಲಿ ನಿಂತಿರಬಹುದು; ದೋಣಿ ಮೊದಲಿಗಿಂತ ಭಾರ ಎನಿಸಿದರೆ ಹಿಂಬದಿಯ ಅತಿ ತಗ್ಗಿನಲ್ಲಿ ಸಣ್ಣ ತೂತು ಕೊರೆದು ಬಸಿಯಲು ಬಿಡಿ, ಕೊನೆಗೆ ಮುಚ್ಚಿದರಾಯಿತು.

ಹಳೆಯ ಪೈಪಿನ ಪುಟ್ಟಿಯನ್ನು ಒಂದು ಚೂರೂ ಉಳಿಸದೆ ಕೆರೆದು ತೆಗೆಯಿರಿ. ಗ್ಯಾರೇಜಿನಲ್ಲಿ ಕಾರಿನ ಡೆಂಟಿಗೆ ಹಚ್ಚುವ ಪುಟ್ಟಿಯನ್ನೂ ನೀರಿನ ಕೆಳಗೆ ಬಳಸಬೇಡಿ. ಅದರಲ್ಲಿ ಟಾಲ್ಕ್ ಪುಡಿ ಇರುವುದರಿಂದ ನೀರು ಹೀರುತ್ತದೆ.

ಈಗ ಕ್ರಮ. ಮೊದಲು ಸೋಪು ನೀರಿನಲ್ಲಿ ತೊಳೆದು ಒಣಗಿಸಿ, ಬಳಿಕ ಅಸಿಟೋನ್ ಹಾಕಿದ ಬಿಳಿ ಬಟ್ಟೆಯಲ್ಲಿ ಒರೆಸಬೇಕು, ಮತ್ತು ಅದನ್ನು ಉಜ್ಜುವುದಕ್ಕೆ ಮೊದಲೇ ಮಾಡಬೇಕು. ಹಳೆಯ ವ್ಯಾಕ್ಸ್, ಎಣ್ಣೆ ಜಿಡ್ಡು ಇರುವಾಗಲೇ ಉಪ್ಪುಕಾಗದ ಹಾಕಿದರೆ ಜಿಡ್ಡು ಗೀರುಗಳೊಳಗೆ ಸೇರಿಕೊಂಡು ಹೊಸ ಪದರ ಹಿಡಿಯುವುದಿಲ್ಲ. ಬಿರುಕುಗಳನ್ನು ಇದ್ದ ಹಾಗೆಯೇ ಮುಚ್ಚಲು ಬರುವುದಿಲ್ಲ, ಕೂದಲೆಳೆಯಷ್ಟು ಸಂದಿಗೆ ದಪ್ಪ ಜೆಲ್‌ಕೋಟ್ ಇಳಿಯದು. ಉಳಿಯ ಮೂಲೆಯಿಂದಲೋ ಸಣ್ಣ ಗ್ರೈಂಡರಿನಿಂದಲೋ ಬಿರುಕಿನ ಗುಂಟ ಅಗಲ ಬಾಯಿಯ ಕಾಲುವೆ ಕೊರೆದು, ಅಂಚುಗಳನ್ನು 80 ನಂಬರಿನ ಕಾಗದದಿಂದ ಇಳಿಜಾರಾಗಿ ಒರಟು ಮಾಡಿ. ಅಂಚು ಲಂಬವಾಗಿ ನಿಂತಿದ್ದರೆ ಕೆಲಸ ಮುಗಿದ ಮೇಲೆ ಸುತ್ತಲೂ ಒಂದು ಗೆರೆ ಕಾಣುತ್ತದೆ, ಮುಂದೆ ಪದರ ಎದ್ದೇಳುವುದೂ ಆ ಗೆರೆಯಿಂದಲೇ.

ಹಲಗೆಯ ಬಳಿಯ ನಕ್ಷತ್ರದ ಬಿರುಕುಗಳು ಬಂಡೆಯ ಏಟಿನವಲ್ಲ. ಅಲ್ಲಿ ಗೋಡೆ ಭಾರಕ್ಕೆ ಬಾಗುತ್ತಿದೆ; ಜೆಲ್‌ಕೋಟಿನಲ್ಲಿ ನಾರಿಲ್ಲದ್ದರಿಂದ ಅದು ಬಾಗಲಾರದೆ ಸೀಳುತ್ತದೆ. ಒಳಬದಿಯಿಂದ ಒಂದೆರಡು ಪದರ ಮ್ಯಾಟು ಹಾಕಿ ಆ ಜಾಗವನ್ನು ಬಿಗಿ ಮಾಡದೆ ಹೊರಗಿನಿಂದ ಎಷ್ಟು ಸಲ ಮುಚ್ಚಿದರೂ ಬಿರುಕು ಅಲ್ಲೇ ಮರಳುತ್ತದೆ.

ಮೂತಿಯ ಜಾಗಕ್ಕೆ ಬಂದರೆ, ಸತ್ತ ನಾರನ್ನೆಲ್ಲ ಕೊರೆದು ತೆಗೆದು, ಗಟ್ಟಿ ಸಿಕ್ಕುವವರೆಗೆ ಹೋಗಿ, ಗೋಡೆಯ ದಪ್ಪದ ಹನ್ನೆರಡು ಪಟ್ಟು ದೂರದಿಂದ ಇಳಿಜಾರು ಮಾಡಿಕೊಳ್ಳಬೇಕು. ನಾಲ್ಕು ಮಿಲಿಮೀಟರ್ ದಪ್ಪವಿದ್ದು ಪೂರ್ತಿ ಕೊರೆಯಬೇಕಾಗಿ ಬಂದರೆ ಸುತ್ತ ಐದು ಸೆಂಟಿಮೀಟರಿನಷ್ಟು ಇಳಿಜಾರು ಎಂದಾಯಿತು. ಚದರ ಮೀಟರಿಗೆ 450 ಗ್ರಾಂ ತೂಗುವ ಕತ್ತರಿಸಿದ ನಾರಿನ ಮ್ಯಾಟು ಒಂದು ಪದರಕ್ಕೆ ಸುಮಾರು ಒಂದು ಮಿಲಿಮೀಟರ್ ಕಟ್ಟುತ್ತದೆ, ಆ ಲೆಕ್ಕದಲ್ಲಿ ತುಂಡುಗಳನ್ನು ಮೊದಲೇ ಕತ್ತರಿಸಿಟ್ಟುಕೊಳ್ಳಿ. ರೆಸಿನ್ ಕಲಸಿದ ಮೇಲೆ ಕತ್ತರಿ ಹುಡುಕುತ್ತಾ ನಿಲ್ಲಲು ಪುರುಸೊತ್ತು ಇರುವುದಿಲ್ಲ.

ಇನ್ನು ಮುಂದಿನದನ್ನು ದಯವಿಟ್ಟು ಎರಡು ಸಲ ಓದಿ. ನಮ್ಮ ಅಂಗಡಿಗಳಲ್ಲಿ ಸಾದಾ ಪಾಲಿಯೆಸ್ಟರ್ ರೆಸಿನ್ ಜೊತೆಗೆ ಎರಡು ಸಣ್ಣ ಬಾಟಲಿ ಕೊಡುತ್ತಾರೆ: ಗಟ್ಟಿಯಾಗುವುದನ್ನು ಚುರುಕುಗೊಳಿಸುವ ನೇರಳೆ ಬಣ್ಣದ ಕೋಬಾಲ್ಟ್ ಒಂದು, ರೆಸಿನ್ ಗಟ್ಟಿಯಾಗುವಂತೆ ಮಾಡುವ, ನೀರಿನಂತೆ ತಿಳಿಯಾದ ಎಂಇಕೆಪಿ ಎಂಬ ಕ್ಯಾಟಲಿಸ್ಟ್ ಇನ್ನೊಂದು. ಇವೆರಡನ್ನು ಯಾವ ಕಾರಣಕ್ಕೂ ನೇರವಾಗಿ ಒಂದಕ್ಕೊಂದು ಸೇರಿಸಬಾರದು. ಸೇರಿದರೆ ರಭಸದಿಂದ ಕುದಿದು ಬೆಂಕಿ ಹೊತ್ತಿಕೊಳ್ಳುತ್ತದೆ, ಸಿಡಿಯಲೂಬಹುದು. ಕೋಬಾಲ್ಟನ್ನು ಮೊದಲು ರೆಸಿನ್ನಿಗೆ ಹಾಕಿ ಪೂರ್ತಿ ಬೆರೆಸಿ, ಆಮೇಲಷ್ಟೇ ಕ್ಯಾಟಲಿಸ್ಟ್ ಹಾಕಬೇಕು. ಎರಡಕ್ಕೂ ಬೇರೆ ಬೇರೆ ಸಿರಿಂಜು, ಬೇರೆ ಬೇರೆ ಚೀಲ. ಜೆಲ್‌ಕೋಟಿಗೆ ಬಹಳ ಸಲ ಕೋಬಾಲ್ಟ್ ಮೊದಲೇ ಬೆರೆತಿರುತ್ತದೆ, ಕೇಳಿಯೇ ತನ್ನಿ. ಎಂಇಕೆಪಿ ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿಗೆ ಅಪಾಯ, ಆದ್ದರಿಂದ ಕಣ್ಣು ಪೂರ್ತಿ ಮುಚ್ಚುವ ಕನ್ನಡಕ ಹಾಕಿಕೊಂಡು, ಬಕೆಟ್ ತುಂಬ ಶುದ್ಧ ನೀರು ಪಕ್ಕದಲ್ಲೇ ಇಟ್ಟುಕೊಂಡು ಕೂರಿ. ಬಿದ್ದರೆ ಕನಿಷ್ಠ ಕಾಲು ಗಂಟೆ ಬಿಡದೆ ತೊಳೆದು ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಅದನ್ನು ಲೋಹದ ಡಬ್ಬಿಗೆ ಸುರಿದಿಡಬೇಡಿ, ಬಿಸಿಲಿನಲ್ಲಿಡಬೇಡಿ.

ಪ್ರಮಾಣ: 100 ಗ್ರಾಂ ಜೆಲ್‌ಕೋಟಿಗೆ ಒಂದೂವರೆಯಿಂದ ಎರಡು ಗ್ರಾಂ ಕ್ಯಾಟಲಿಸ್ಟ್, ಡಬ್ಬಿಯ ಮೇಲೆ ಬೇರೆ ಹೇಳಿದ್ದರೆ ಅದೇ ಸರಿ. ಬೇಗ ಗಟ್ಟಿಯಾಗಲಿ ಎಂದು ಕ್ಯಾಟಲಿಸ್ಟ್ ಹೆಚ್ಚಿಸುವುದು, ನಿಧಾನವಾಗಲಿ ಎಂದು ತೀರಾ ಕಡಿಮೆ ಮಾಡುವುದು, ಎರಡೂ ಪದರವನ್ನು ಕೆಡಿಸುತ್ತವೆ. ಕೆಲಸ ಮಾಡಲು ಸಿಗುವುದು ಹತ್ತರಿಂದ ಇಪ್ಪತ್ತು ನಿಮಿಷ, ಹಾಗಾಗಿ ಸ್ವಲ್ಪ ಸ್ವಲ್ಪವೇ ಕಲಸಿ.

ಹೊಸಬರನ್ನು ಹೆಚ್ಚು ಗಾಬರಿಗೊಳಿಸುವ ಸಂಗತಿ ಒಂದಿದೆ. ಸಾದಾ ಜೆಲ್‌ಕೋಟ್ ಗಾಳಿಗೆ ತೆರೆದ ಮೇಲ್ಮೈಯಲ್ಲಿ ಗಟ್ಟಿಯಾಗುವುದಿಲ್ಲ. ಆಮ್ಲಜನಕ ಅದನ್ನು ತಡೆಯುತ್ತದೆ. ಕಾರ್ಖಾನೆಯಲ್ಲಿ ಅಚ್ಚಿನ ಗೋಡೆ ಗಾಳಿಯನ್ನು ತಡೆದಿರುತ್ತದೆ, ನಮ್ಮಲ್ಲಿ ಆ ಅಚ್ಚಿಲ್ಲ. ಮಾರನೆಯ ದಿನ ಮುಟ್ಟಿದರೂ ಅಂಟಂಟು ಇರುವುದು ಇದರಿಂದ. ಇದಕ್ಕೆ ಎರಡು ದಾರಿ ಇದೆ. ಸ್ಟೈರೀನಿನಲ್ಲಿ (ರೆಸಿನ್ನನ್ನು ತೆಳುವಾಗಿಸುವ ಘಾಟು ದ್ರವ) ಕರಗಿಸಿದ ಪ್ಯಾರಾಫಿನ್ ವ್ಯಾಕ್ಸ್ ದ್ರಾವಣವನ್ನು ಕೊನೆಯ ಪದರಕ್ಕೆ ಬೆರೆಸಿದರೆ ವ್ಯಾಕ್ಸ್ ತೇಲಿ ಬಂದು ಮೇಲೆ ಪೊರೆ ಕಟ್ಟುತ್ತದೆ. ಸಣ್ಣ ಜಾಗವಾದರೆ ಅದೂ ಬೇಡ. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಪಾರದರ್ಶಕ ಹಾಳೆಯನ್ನು ಒಂದು ಬದಿ ಟೇಪ್ ಹಚ್ಚಿ, ಹಸಿ ಜೆಲ್‌ಕೋಟಿನ ಮೇಲೆ ಮಗುಚಿ, ಹಳೆಯ ಎಟಿಎಂ ಕಾರ್ಡಿನಿಂದ ಗುಳ್ಳೆಗಳನ್ನು ಹೊರಕ್ಕೆ ತಳ್ಳಿ ಬಿಟ್ಟುಬಿಡಿ. ಗಾಳಿಯೂ ತಡೆಯುತ್ತದೆ, ಮೇಲ್ಮೈಯೂ ಮಟ್ಟಸವಾಗಿ ಬಂದು ಉಜ್ಜುವ ಕೆಲಸ ಅರ್ಧಕ್ಕೆ ಇಳಿಯುತ್ತದೆ. ನನ್ನ ಮಟ್ಟಿಗೆ ಹಾಳೆಯೇ ಲೇಸು. ವ್ಯಾಕ್ಸ್ ಬೆರೆಸಿದ ಪದರದ ಮೇಲೆ ಮತ್ತೊಂದು ಪದರ ಹಾಕಬೇಕಾದರೆ ಉಜ್ಜಿ ತೆಗೆಯದೆ ಗತಿಯಿಲ್ಲ.

ರೆಸಿನ್ ಕುಗ್ಗುತ್ತದೆ, ಹಾಗಾಗಿ ಸುತ್ತಲಿನ ಮಟ್ಟಕ್ಕಿಂತ ತುಸು ಎತ್ತರವಾಗಿಯೇ ತುಂಬಿ. ಮರುದಿನ 220, 400, 600, 1000, 1500 ಎಂದು ವಾಟರ್ ಪೇಪರ್ ಏರಿಸುತ್ತಾ, ಕಾಗದವನ್ನು ಬರಿಗೈಯಲ್ಲಿ ಹಿಡಿಯದೆ ಮರದ ತುಂಡಿಗೆ ಸುತ್ತಿ, ನೀರು ಹಾಕಿ ಉಜ್ಜಿ. ಸುತ್ತಲಿನ ಒಳ್ಳೆಯ ಜೆಲ್‌ಕೋಟ್ ಸವೆಯದಂತೆ ಟೇಪ್ ಹಚ್ಚಿಕೊಳ್ಳಿ. ಇರುವುದೇ ಅರ್ಧ ಮಿಲಿಮೀಟರ್. ಕೊನೆಗೆ ರಬ್ಬಿಂಗ್ ಕಾಂಪೌಂಡ್, ವ್ಯಾಕ್ಸ್.

ವಿರಾಜಪೇಟೆ ವರ್ಕ್‌ಶಾಪ್ ಉತ್ತರ:

ಮೇಲಿನ ವಿವರಣೆ ಚೆನ್ನಾಗಿದೆ, ಆದರೆ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಹಳೆಯ, ಪೂರ್ತಿ ಗಟ್ಟಿಯಾದ ಪಾಲಿಯೆಸ್ಟರಿಗೆ ಹೊಸ ಪಾಲಿಯೆಸ್ಟರ್ ಅಂಟುವುದಕ್ಕಿಂತ ಎಪಾಕ್ಸಿ ರೆಸಿನ್ ಗಟ್ಟಿಯಾಗಿ ಅಂಟುತ್ತದೆ, ಕುಗ್ಗುವುದೂ ಕಡಿಮೆ, ನೀರನ್ನು ತಡೆಯುವುದರಲ್ಲಿಯೂ ಮೇಲು. ಪೈಪಿನ ಪುಟ್ಟಿ ಬಿಟ್ಟುಕೊಂಡಿತು ಎಂದ ಮಾತ್ರಕ್ಕೆ ಎಪಾಕ್ಸಿಯನ್ನೇ ದೂರ ಇಡಬೇಕಾಗಿಲ್ಲ. ಆ ಜಾಗವನ್ನು ಉಜ್ಜದೆ ಮೆತ್ತಿದ್ದರೆ ಯಾವುದು ತಾನೇ ನಿಲ್ಲುತ್ತಿತ್ತು? ಮೂತಿಯಂತಹ, ಮತ್ತೆ ಮತ್ತೆ ಬಂಡೆಗೆ ತಾಗುವ ಜಾಗಕ್ಕೆ ನಾನಾದರೆ ಎಪಾಕ್ಸಿಯನ್ನೇ ಬಳಸುತ್ತಿದ್ದೆ. ಸ್ಟೈರೀನಿನ ಘಾಟು ವಾಸನೆಯೂ ಇರುವುದಿಲ್ಲ.

ಫೈಬರ್ ಕೆಲಸ (ಕುಶಾಲನಗರ) ಉತ್ತರ:

ನೀವು ಹೇಳಿದ್ದರಲ್ಲಿ ತಪ್ಪಿಲ್ಲ. ನನ್ನ ಆಕ್ಷೇಪ ಎಪಾಕ್ಸಿಯ ಶಕ್ತಿಯ ಬಗ್ಗೆ ಅಲ್ಲ, ಅದರ ಮೇಲೆ ಏನು ಹಚ್ಚುತ್ತೀರಿ ಎಂಬುದರ ಬಗ್ಗೆ. ಪಾಲಿಯೆಸ್ಟರಿನ ಮೇಲೆ ಎಪಾಕ್ಸಿ ಹಿಡಿಯುತ್ತದೆ, ಆದರೆ ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಜೆಲ್‌ಕೋಟ್ ನಂಬುವ ಹಾಗೆ ಹಿಡಿಯುವುದಿಲ್ಲ. ಕೆಲವೊಮ್ಮೆ ಎರಡೂ ಸೇರುವ ಗೆರೆಯಲ್ಲಿ ಅದು ಗಟ್ಟಿಯಾಗುವುದೇ ಇಲ್ಲ. ಇತ್ತ ಎಪಾಕ್ಸಿಯನ್ನು ಬಿಸಿಲಿಗೆ ಬರಿದಾಗಿ ಬಿಡುವಂತಿಲ್ಲ, ಬೂದಿ ಬೂದಿಯಾಗಿ ಏಳುತ್ತದೆ. ಆದ್ದರಿಂದ ಎಪಾಕ್ಸಿ ಹಿಡಿದವರು ಕೊನೆಯವರೆಗೂ ಅದೇ ದಾರಿಯಲ್ಲಿ ಹೋಗಬೇಕು: ಎಪಾಕ್ಸಿ, ಅದರ ಪ್ರೈಮರ್, ಮೇಲೆ ನೀರಿನಲ್ಲಿ ಮುಳುಗಿರಲು ತಕ್ಕದ್ದೆಂದು ತಯಾರಕರೇ ಹೇಳಿರುವ ಎರಡು ಡಬ್ಬಿಯ (ಬಳಸುವಾಗ ಒಟ್ಟಿಗೆ ಕಲಸುವ) ಪೇಂಟ್. ಜೆಲ್‌ಕೋಟ್ ಬೇಕೆನ್ನುವವರು ಒಳಗಿನ ಪದರದಿಂದಲೇ ಪಾಲಿಯೆಸ್ಟರಿನಲ್ಲಿರಬೇಕು.

ಎಪಾಕ್ಸಿ ತೆಗೆದುಕೊಂಡರೆ ಕತ್ತರಿಸಿದ ನಾರಿನ ಮ್ಯಾಟನ್ನೂ ಬಿಡಿ. ಆ ಮ್ಯಾಟಿನ ಎಳೆಗಳನ್ನು ಹಿಡಿದಿಡುವ ಅಂಟು ಸಾಮಾನ್ಯವಾಗಿ ಪಾಲಿಯೆಸ್ಟರ್ ರೆಸಿನ್ನಿನ ಸ್ಟೈರೀನಿನಲ್ಲಿ ಕರಗಲೆಂದೇ ಹಾಕಿರುವುದು. ಎಪಾಕ್ಸಿಯಲ್ಲಿ ಅದು ಕರಗದೆ ಮ್ಯಾಟು ಬಿರುಸಾಗಿ ನಿಂತು, ಮೂತಿಯ ತಿರುವಿಗೆ ಒಗ್ಗುವುದೇ ಇಲ್ಲ. ನೇಯ್ದ ಗಾಜಿನ ಬಟ್ಟೆ ಬೇಕಾಗುತ್ತದೆ. ನಮ್ಮ ತೇವದ ಹವೆಯಲ್ಲಿ ಎಪಾಕ್ಸಿ ಗಟ್ಟಿಯಾದ ಮೇಲೆ ಮೇಲ್ಮೈಯಲ್ಲಿ ಮೇಣದಂತಹ ಜಾರು ಪೊರೆಯೂ ಏಳುತ್ತದೆ. ಅದನ್ನು ಉಜ್ಜುವ ಮೊದಲು ನೀರು ಮತ್ತು ಪಾತ್ರೆ ತಿಕ್ಕುವ ನಾರಿನಿಂದ ತಿಕ್ಕಿ ತೊಳೆಯಬೇಕು.

ಪ್ರಶ್ನೆ ಕೇಳಿದವರ ದೋಣಿ ಕೆರೆಯಲ್ಲಿ ಹುಟ್ಟು ಹಾಕಿ ನಡೆಸುವಂಥದ್ದು. ಹೊರಗಿನ ಬಿಳಿ ಹೊಂದಬೇಕು, ಮುಂದೆ ಗೀರು ಬಿದ್ದರೆ ಅದನ್ನೇ ಮತ್ತೆ ತುಂಬುವ ಹಾಗಿರಬೇಕು ಎಂದರೆ ಪಾಲಿಯೆಸ್ಟರ್ ಸುಲಭ, ಖರ್ಚೂ ಕಡಿಮೆ.

ನಾಪೋಕ್ಲು ಕಡೆಯವನು ಉತ್ತರ:

ರೆಸಿನ್ ಯಾವುದಾದರೂ ಇರಲಿ, ನಮ್ಮ ಜಿಲ್ಲೆಯಲ್ಲಿ ಕೆಲಸ ಕೆಡುವುದು ತೇವದಿಂದ. ಕುಶಾಲನಗರದ ಕಡೆ ಹವೆ ಒಣ, ಭಾಗಮಂಡಲ, ನಾಪೋಕ್ಲು ಕಡೆ ಹಾಗಲ್ಲ. ಏಪ್ರಿಲ್, ಮೇ ತಿಂಗಳಲ್ಲೂ ಮಧ್ಯಾಹ್ನ ಕಳೆದರೆ ಗುಡುಗು ಮಳೆ ಯಾವಾಗ ಬರುತ್ತದೆಂದು ಹೇಳಲಾಗದು. ಸುಂಟಿಕೊಪ್ಪ ಎರಡರ ನಡುವಿನದು. ಜೂನ್ ಹಿಡಿದ ಮೇಲೆ ಸೆಪ್ಟೆಂಬರ್ ಮುಗಿಯುವವರೆಗೂ ಹೊರಗಡೆ ಇದನ್ನು ಮಾಡುವ ಆಸೆಯೇ ಬೇಡ. ಡಿಸೆಂಬರ್, ಜನವರಿಯಲ್ಲಿ ಆಕಾಶ ತಿಳಿಯಾಗಿರುತ್ತದೆ, ಆದರೆ ಬೆಳಗಿನ ಚಳಿಗೆ ಪಾಲಿಯೆಸ್ಟರ್ ಗಟ್ಟಿಯಾಗಲು ಒಪ್ಪುವುದಿಲ್ಲ. 15 ಡಿಗ್ರಿಗಿಂತ ಕೆಳಗೆ ಕ್ಯಾಟಲಿಸ್ಟ್ ಸರಿಯಾಗಿ ಕೆಲಸ ಮಾಡದು. ಈಗ ನಿಮಗೆ ಉಳಿದಿರುವ ಕಾಲ ಒಳ್ಳೆಯದೇ, ಆದರೆ ಬೆಳಿಗ್ಗೆ ಮಂಜು ಕರಗಿ ದೋಣಿಯ ಮೈ ಬೆಚ್ಚಗಾದ ಮೇಲೆ ಶುರು ಮಾಡಿ, ಮಧ್ಯಾಹ್ನದ ಮೋಡ ಕಟ್ಟುವುದರೊಳಗೆ ಮುಗಿಸಿ.

ನಾರು ಕಾಣುವ ಜಾಗವನ್ನು ಉಜ್ಜಿ ತೆರೆದ ಕೂಡಲೇ ಮುಚ್ಚಬೇಡಿ. ಕಾಫಿ ಕಣ ಈಗ ಖಾಲಿ ಇರುತ್ತದೆ. ದೋಣಿಯನ್ನು ಅಲ್ಲಿ ಮಗುಚಿ, ಕೆಳಗೆ ಗಾಳಿಯಾಡುವಂತೆ ಎರಡು ದಿಮ್ಮಿ ಕೊಟ್ಟು, ಬಿಸಿಲಿಗೆ ಬಿಟ್ಟು, ರಾತ್ರಿ ಟಾರ್ಪಾಲ್ ಹೊದಿಸಿ. ಟಾರ್ಪಾಲ್ ದೋಣಿಗೆ ಅಂಟಿಕೊಳ್ಳಬಾರದು, ಅಂಟಿದರೆ ಅದರ ಅಡಿಯಲ್ಲೇ ಬೆವರುತ್ತದೆ. ಒಣಗಿದೆಯೋ ಇಲ್ಲವೋ ಎಂದು ತಿಳಿಯಲು, ತೆರೆದ ನಾರಿನ ಮೇಲೆ ಒಂದು ತುಂಡು ಪಾರದರ್ಶಕ ಪ್ಲಾಸ್ಟಿಕ್ಕನ್ನು ನಾಲ್ಕೂ ಅಂಚು ಟೇಪ್ ಹಚ್ಚಿ ಬಿಸಿಲಿನಲ್ಲಿ ಬಿಡಿ. ಸಂಜೆ ಅದರ ಒಳಬದಿಯಲ್ಲಿ ಹನಿಯೋ ಮಬ್ಬೋ ಕಂಡರೆ ಇನ್ನೂ ನೀರಿದೆ. ಅವಸರವಿದ್ದರೆ ಬಲ್ಬು ಹಚ್ಚಿ ಬೆಚ್ಚಗೆ ಮಾಡಬಹುದು, ಅಂಗೈ ಇಟ್ಟರೆ ತಾಳುವಷ್ಟು ಬಿಸಿ ಸಾಕು.

ಇನ್ನೊಂದು ಮಾತು, ತೋಟದ ಮನೆಗಳಿಗೇ ಸಂಬಂಧಿಸಿದ್ದು. ಕಲಸಿ ಉಳಿದ ರೆಸಿನ್ ಡಬ್ಬಿಯೊಳಗೆ ತಾನೇ ಬಿಸಿಯೇರಿ ಹೊಗೆಯಾಡುತ್ತದೆ. ಅದನ್ನು ಕಾಫಿ ಹೊಟ್ಟಿನ ರಾಶಿಯ ಬಳಿಯಾಗಲಿ ಸೌದೆ ಕೊಟ್ಟಿಗೆಯಲ್ಲಾಗಲಿ ಇಡದೆ, ಬಯಲಿನ ಬರಿ ಮಣ್ಣಿನ ಮೇಲೆ ತೆಳ್ಳಗೆ ಹರಡಿ ಗಟ್ಟಿಯಾಗಲು ಬಿಡಿ. ಉಜ್ಜಿದ ಬಿಳಿ ನೀರು ಕೆರೆಗೆ, ತೋಡಿಗೆ ಹೋಗಬಾರದು. ನಮ್ಮ ತೋಡುಗಳ ನೀರು ಕೊನೆಗೆ ಸೇರುವುದು ಹೊಳೆಗೇ. ಗಾಜಿನ ದೂಳಿಗೆ ತುಂಬು ತೋಳಿನ ಅಂಗಿ, ಸ್ಟೈರೀನಿಗೆ ಇಂಗಾಲದ ಫಿಲ್ಟರಿರುವ ಮುಖಗವಸು ಬೇಕು. ಬಟ್ಟೆಯ ಮಾಸ್ಕು ಆ ಆವಿಯನ್ನು ತಡೆಯುವುದಿಲ್ಲ.

ಕೆರೆದಂಡೆ (ಸುಂಟಿಕೊಪ್ಪ) ಮತ್ತೆ ಬರೆದದ್ದು:

ಎಲ್ಲರಿಗೂ ಧನ್ಯವಾದ. ಪಾಲಿಯೆಸ್ಟರ್ ದಾರಿಯನ್ನೇ ಹಿಡಿದೆ. ಸಾಮಗ್ರಿ ಮೈಸೂರಿನಲ್ಲಿ ಸಿಕ್ಕಿತು. ನಾಣ್ಯ ತಟ್ಟಿ ನೋಡಿದಾಗ ಮೂತಿಯ ಬೊದ್ದು ಅಂಗೈ ಅಗಲ ಅಲ್ಲ, ಒಂದು ಮೊರದ ಅರ್ಧದಷ್ಟಿತ್ತು. ಆದರೆ ಆಳ ಹೆಚ್ಚಿರಲಿಲ್ಲ, ಕೊರೆದಾಗ ಮೇಲಿನ ಎರಡು ಪದರ ಮಾತ್ರ ಸತ್ತಿದ್ದವು. ಪ್ಲಾಸ್ಟಿಕ್ಕಿನ ಪರೀಕ್ಷೆಯಲ್ಲಿ ಮೊದಮೊದಲು ಹನಿ ಕಟ್ಟುತ್ತಿತ್ತು, ಈಗ ಒಣಗಿದೆ. ಮ್ಯಾಟು ಹಾಕಿ, ಹಲಗೆಯ ಒಳಬದಿಯನ್ನೂ ಬಿಗಿ ಮಾಡಿ, ಹಿಂಭಾಗದ ಗುಳಿಗೆ ಮೊದಲ ಜೆಲ್‌ಕೋಟ್ ಹಚ್ಚಿ ನೋಡಿದ್ದೇನೆ.

ಎರಡು ತೊಡಕು ಉಳಿದಿವೆ. ಅಂಗಡಿಯ ಬಿಳಿ ನಮ್ಮ ದೋಣಿಯ ಬಿಳಿಗೆ ಹೊಂದುತ್ತಿಲ್ಲ, ನೀಲಿ ಛಾಯೆಯ ಬಿಳಿಯಾಗಿ ಎದ್ದು ಕಾಣುತ್ತಿದೆ. 400ರ ಕಾಗದ ಹಾಕಿದ ಮೇಲೆ ಅಲ್ಲಲ್ಲಿ ಸೂಜಿಮೊನೆಯಷ್ಟು ತೂತುಗಳೂ ತೆರೆದುಕೊಂಡಿವೆ. ಅವುಗಳಿಂದ ನೀರು ಒಳಗೆ ಹೋಗುತ್ತದೆಯೆ? ಮೇಲೊಂದು ತೆಳು ಪದರ ಬಳಿದುಬಿಡಲೆ?

ಫೈಬರ್ ಕೆಲಸ (ಕುಶಾಲನಗರ) ಉತ್ತರ:

ಬಳಿಯಬೇಡಿ. ತೂತಿನೊಳಗಿನ ಗಾಳಿ ಅಲ್ಲೇ ಉಳಿದು ಮತ್ತೆ ಅದೇ ಜಾಗದಲ್ಲಿ ತೆರೆದುಕೊಳ್ಳುತ್ತದೆ. ರಭಸವಾಗಿ ಕಲಸಿದಾಗ ಸೇರಿಕೊಂಡ ಗಾಳಿ ಅದು. ಪ್ರತಿಯೊಂದು ತೂತನ್ನೂ ದಬ್ಬಳದ ಮೊನೆಯಿಂದ ಸ್ವಲ್ಪ ಅಗಲಿಸಿ, ಅಸಿಟೋನಿನಿಂದ ಒರೆಸಿ, ಅದು ಪೂರ್ತಿ ಆರಿದ ಮೇಲೆ ಹೊಸ ಜೆಲ್‌ಕೋಟನ್ನು ಹಲ್ಲುಕಡ್ಡಿಯಿಂದ ತಳಕ್ಕೆ ಚುಚ್ಚಿ ಚುಚ್ಚಿ ಇಳಿಸಿ, ಮೇಲೆ ಪಾರದರ್ಶಕ ಹಾಳೆ ಹಾಕಿ. ಈ ಸಲ ಕಲಸುವಾಗ ಕಡ್ಡಿಯನ್ನು ಡಬ್ಬಿಯ ತಳಕ್ಕೂ ಅಂಚಿಗೂ ತಾಗಿಸುತ್ತಾ ನಿಧಾನವಾಗಿ ತಿರುವಿ. ತೂತನ್ನು ಹಾಗೆಯೇ ಬಿಟ್ಟರೆ ತಕ್ಷಣ ಏನೂ ಆಗುವುದಿಲ್ಲ, ಆದರೆ ನೀರಿನ ಮಟ್ಟಕ್ಕಿಂತ ಕೆಳಗೆ ಯಾಕೆ ಬಿಡಬೇಕು?

ಇದರ ಜೊತೆಗೆ, ಹಚ್ಚಿದ ಪದರ ನಿಜವಾಗಿ ಗಟ್ಟಿಯಾಗಿದೆಯೇ ನೋಡಿ. ಅಸಿಟೋನ್ ತಾಗಿಸಿದ ಬಟ್ಟೆಯಿಂದ ಒಮ್ಮೆ ಒರೆಸಿದಾಗ ಬಣ್ಣ ಬಟ್ಟೆಗೆ ಬಂದರೆ, ಅಥವಾ ಉಗುರು ಒತ್ತಿದಲ್ಲಿ ಗುರುತು ಉಳಿದರೆ ಕ್ಯಾಟಲಿಸ್ಟ್ ಸಾಲಲಿಲ್ಲ ಎಂದರ್ಥ. ಅದನ್ನು ತೆಗೆದೇ ಹಾಕಬೇಕು, ಮೆತ್ತನೆಯದರ ಮೇಲೆ ಗಟ್ಟಿ ಪದರ ಕೂರಿಸಿ ಫಲವಿಲ್ಲ.

ಬಣ್ಣದ ಮಾತು. ನಿಮ್ಮ ದೋಣಿಯ ಬಿಳಿ ಬಿಸಿಲಿಗೆ ಹಳದಿಗೆ ತಿರುಗಿದೆ, ಅದರ ಮೇಲೆ ಸುಣ್ಣದ ದೂಳಿನಂತಹ ಪೊರೆಯೂ ಇರುತ್ತದೆ. ಮೊದಲು ಪಕ್ಕದ ಒಂದು ಗೇಣು ಜಾಗವನ್ನು ಕಾಂಪೌಂಡ್ ಹಾಕಿ ಉಜ್ಜಿ, ಹೊಳಪು ಬಂದ ಮೇಲೆ ಕಾಣುವ ಬಣ್ಣಕ್ಕೆ ಹೊಂದಿಸಿ; ದೂಳು ಹಿಡಿದ ಬಣ್ಣಕ್ಕೆ ಹೊಂದಿಸಿದರೆ ಪಾಲಿಶ್ ಮಾಡಿದ ದಿನವೇ ತೇಪೆ ಎದ್ದು ಕಾಣುತ್ತದೆ. ಪಾಲಿಯೆಸ್ಟರಿಗೆಂದೇ ಬರುವ ಪಿಗ್‌ಮೆಂಟ್ ಪೇಸ್ಟ್ ಮಾತ್ರ ಬಳಸಿ. ಗೋಡೆಯ ಬಣ್ಣಕ್ಕೆ ಹಾಕುವ ಸ್ಟೈನರಿನಲ್ಲಿ ನೀರೋ ಎಣ್ಣೆಯೋ ಇದ್ದು ಗಟ್ಟಿಯಾಗುವುದನ್ನೇ ಕೆಡಿಸುತ್ತದೆ. ನಿಮ್ಮ ನೀಲಿ ಛಾಯೆಗೆ ಹಳದಿ ಕಾವಿ ಬಣ್ಣದ ಪೇಸ್ಟನ್ನು ಬೆಂಕಿಕಡ್ಡಿಯ ತುದಿಯಲ್ಲಿ ಹತ್ತಿದಷ್ಟು ಹಾಕಿ ನೋಡಿ, ಇನ್ನೂ ಮಂಕಾಗಬೇಕಾದರೆ ಕಪ್ಪನ್ನು ಅದಕ್ಕಿಂತಲೂ ಕಡಿಮೆ. ಕ್ಯಾಟಲಿಸ್ಟ್ ಹಾಕದ ಒಂದು ಹನಿಯನ್ನು ದೋಣಿಯ ಮೇಲೆಯೇ ಇಟ್ಟು, ಪಾರದರ್ಶಕ ಹಾಳೆಯಿಂದ ಒತ್ತಿ, ಹಗಲಿನ ನೆರಳಿನಲ್ಲಿ ನೋಡಿ. ಒರೆಸಿ ಮತ್ತೆ ಪ್ರಯತ್ನಿಸಬಹುದು. ಟ್ಯೂಬ್‌ಲೈಟಿನಲ್ಲಿ ಹೊಂದಿಸಿದ್ದು ಹೊರಗೆ ಹೊಂದುವುದಿಲ್ಲ. ಗಟ್ಟಿಯಾದ ಮೇಲೆ ಬಣ್ಣ ತುಸು ಬದಲಾಗುವುದರಿಂದ, ಕೊನೆಯ ಮಿಶ್ರಣದಲ್ಲಿ ಒಂದು ಚಮಚ ತೆಗೆದು ಕ್ಯಾಟಲಿಸ್ಟ್ ಹಾಕಿ ಒಂದು ರಟ್ಟಿನ ಮೇಲೆ ಪರೀಕ್ಷಿಸಿಕೊಳ್ಳುವುದು ಕ್ಷೇಮ. ಮಿಕ್ಕ ಎಲ್ಲ ಜಾಗಕ್ಕೂ ಸಾಲುವಷ್ಟು ಬಣ್ಣವನ್ನು ಒಂದೇ ಸಲ ಕಲಸಿಟ್ಟುಕೊಂಡು, ಅದರಿಂದ ಬೇಕಾದಷ್ಟನ್ನೇ ತೂಗಿ ತೆಗೆದು ಕ್ಯಾಟಲಿಸ್ಟ್ ಹಾಕಿ. ಎರಡನೆಯ ಸಲ ಕಲಸಿದ್ದು ಮೊದಲಿನದಕ್ಕೆ ಸರಿಯಾಗಿ ಹೊಂದುವುದು ಅಪರೂಪ.

ತಳದ ನಡುಗೆರೆ ನೀರಿನೊಳಗೆ ಇರುತ್ತದೆ. ಅಲ್ಲಿನ ಗೀರುಗಳಿಗೆ ಬಣ್ಣದ ತಲೆಬಿಸಿ ಬೇಡ, ಅಂಗಡಿಯ ಬಿಳಿಯನ್ನೇ ತುಂಬಿ, 600ರ ಕಾಗದಕ್ಕೆ ನಿಲ್ಲಿಸಿ.